ಬೇರೆ ಮಾಡೆಲ್‌ನ ಹೆಡ್‌ಲೈಟ್: ಮೊದಲು ಪಿನ್‌ಗಳ ಲೆಕ್ಕ

ತಮ್ಮ ಕಾರಿಗೆ ಬೇರೆ ಮಾಡೆಲ್‌ನ ಹೆಡ್‌ಲೈಟ್ ಹಾಕಿಸಲು ಬರುವವರು ಬೋಲ್ಟ್‌ಗಳು ಹೊಂದುತ್ತವೆಯೇ ಎಂಬುದನ್ನು ಸಾಮಾನ್ಯವಾಗಿ ನೋಡಿಕೊಂಡೇ ಬಂದಿರುತ್ತಾರೆ. ತೊಡಕು ಶುರುವಾಗುವುದು ಹಿಂಬದಿಯ ಕನೆಕ್ಟರ್‌ನಲ್ಲಿ. ಕಾರಿನ ಕಡೆ ಆರು ಪಿನ್, ಲೈಟಿನ ಕಡೆ ಹತ್ತು ಪಿನ್ ಇದ್ದಾಗ ಬಣ್ಣಕ್ಕೆ ಬಣ್ಣ ಸೇರಿಸಿ ವೈರ್ ಜೋಡಿಸುವವರಿದ್ದಾರೆ. ವೈರಿನ ಬಣ್ಣಕ್ಕೆ ಎಲ್ಲ ತಯಾರಕರೂ ಒಪ್ಪಿದ ನಿಯಮವಿಲ್ಲ. ಆದ್ದರಿಂದ ಎರಡೂ ಮಾಡೆಲ್‌ಗಳ ವೈರಿಂಗ್ ನಕ್ಷೆಗಳನ್ನು ಮುಂದಿಟ್ಟುಕೊಂಡು, ಲೋ ಬೀಮ್, ಹೈ ಬೀಮ್, ಪಾರ್ಕಿಂಗ್ ಲೈಟ್, ಇಂಡಿಕೇಟರ್, ಲೆವೆಲಿಂಗ್ ಮೋಟಾರ್ (ಬೀಮನ್ನು ಮೇಲೆ-ಕೆಳಗೆ ಹೊಂದಿಸುವ ಮೋಟಾರ್), ಅರ್ತ್ (ಕರೆಂಟು ಬ್ಯಾಟರಿಯ ಮೈನಸ್‌ಗೆ ಮರಳುವ ದಾರಿ) ಇವುಗಳಲ್ಲಿ ಯಾವುದು ಯಾವ ಪಿನ್‌ನಲ್ಲಿದೆ ಎಂಬುದನ್ನು ಬರೆದುಕೊಂಡು, ಪ್ರತಿಯೊಂದನ್ನೂ ಮಲ್ಟಿಮೀಟರ್‌ನಿಂದ ಖಚಿತಪಡಿಸಿಕೊಳ್ಳಬೇಕು.

ಇಲ್ಲಿ ಅನುಭವಿಗಳೂ ಎಡವುವುದು ಸ್ವಿಚ್ ಇರುವ ಬದಿಯ ವಿಷಯದಲ್ಲಿ. ಹೆಚ್ಚಿನ ಕಾರುಗಳಲ್ಲಿ ಸ್ವಿಚ್ ಅಥವಾ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಪಾಸಿಟಿವ್ ವೈರನ್ನು ನಿಯಂತ್ರಿಸುತ್ತದೆ, ಅರ್ತ್ ಸದಾ ಕಾರಿನ ಲೋಹದ ಬಾಡಿಯನ್ನು ಸೇರಿರುತ್ತದೆ. ಆದರೆ ಹಲವು ಜಪಾನಿ ಕಾರುಗಳಲ್ಲಿ ಹೆಡ್‌ಲೈಟ್ ಬಲ್ಬಿನ ಎರಡೂ ತಂತುಗಳಿಗೆ (ಫಿಲಮೆಂಟ್) ಸೇರಿದ ಒಂದೇ ಪಿನ್‌ಗೆ 12 ವೋಲ್ಟ್ ಬಂದು, ಲೋ ಮತ್ತು ಹೈ ತಂತುಗಳು ಸ್ವಿಚ್‌ನ ಮೂಲಕ ಅರ್ತ್ ಆಗುತ್ತವೆ. ಲೋ, ಹೈ ಎರಡೂ ತಂತುಗಳು ಒಂದರಲ್ಲೇ ಇರುವ ಬರೀ ಎಚ್4 ಹ್ಯಾಲೊಜೆನ್ ಬಲ್ಬಿಗೆ ಇದರಿಂದ ಏನೂ ಆಗುವುದಿಲ್ಲ. ತಂತುವಿಗೆ ಪ್ಲಸ್–ಮೈನಸ್ ಭೇದವಿಲ್ಲ. ಅದೇ ಜಾಗದಲ್ಲಿ, ಎಲ್ಲ ಬಲ್ಬುಗಳಿಗೂ ಒಂದೇ ಅರ್ತ್ ಇರುವ ಲೈಟನ್ನು ಜೋಡಿಸಿದರೆ ಆ ಅರ್ತ್ ಪಿನ್‌ಗೇ 12 ವೋಲ್ಟ್ ಬಂದು ಕೂರುತ್ತದೆ. ಎಲ್‌ಇಡಿ ಇದ್ದರೆ ಹಾಳಾಗಲೂಬಹುದು. ರಿಲೇ ಹಾಕಿ ಪಾಸಿಟಿವ್ ಬದಿಯ ನಿಯಂತ್ರಣಕ್ಕೆ ತಿರುಗಿಸಿಕೊಳ್ಳುವುದೇ ಇದಕ್ಕೆ ಸರಿಯಾದ ದಾರಿ.

ಜೋಡಣೆಯ ನಂತರ ಇಂಡಿಕೇಟರ್ ಹಾಕಿದಾಗ ಪಾರ್ಕಿಂಗ್ ಲೈಟೂ ಅದರ ಜೊತೆ ಮಿಣುಕಿದರೆ ಮೊದಲು ಅರ್ತನ್ನು ಅನುಮಾನಿಸಿ. ಸರಿಯಾದ ಅರ್ತ್ ಸಿಗದ ಕರೆಂಟು ಪಕ್ಕದ ಬಲ್ಬಿನ ತಂತುವಿನೊಳಗಿಂದ ದಾರಿ ಮಾಡಿಕೊಂಡಿರುತ್ತದೆ.

ಎಚ್4 ಬಲ್ಬು 60/55 ವ್ಯಾಟ್‌ನದು, ಅಂದರೆ ಹೈಗೆ 60, ಲೋಗೆ 55. ಅದರ ಬದಲಿಗೆ ಲೋ, ಹೈಗಳಿಗೆ ಬೇರೆಬೇರೆ 55 ವ್ಯಾಟ್‌ನ ಎಚ್7 ಬಲ್ಬುಗಳಿರುವ ಲೈಟ್ ಬಂದು, ಹೈ ಹಾಕಿದಾಗಲೂ ಲೋ ಉರಿಯುವಂತೆ ಜೋಡಿಸಿದರೆ, ಎರಡೂ ಬದಿ ಸೇರಿ ಸುಮಾರು 18 ಆಂಪಿಯರ್ ಹರಿಯುತ್ತದೆ. ಫ್ಯೂಸ್ ಹೋಯಿತೆಂದು ದೊಡ್ಡ ಫ್ಯೂಸ್ ಹಾಕುವುದು ಬೆಂಕಿಗೆ ಆಹ್ವಾನ. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರ್, ಅದಕ್ಕೆ ತಕ್ಕ ಫ್ಯೂಸ್ ಮತ್ತು ರಿಲೇ ಬೇಕು. ತೆಳು ವೈರಿನಲ್ಲಿ ವೋಲ್ಟೇಜ್ ಶೇಕಡಾ 10ರಷ್ಟು ಇಳಿದರೆ ಹ್ಯಾಲೊಜೆನ್ ಬೆಳಕು ಶೇಕಡಾ 30ರಷ್ಟು ಕುಗ್ಗುತ್ತದೆ ಎಂಬುದನ್ನೂ ಗಮನದಲ್ಲಿಡಬೇಕು. ಕಾರಿನ ಕಂಪ್ಯೂಟರಿನಿಂದ ಡಿಜಿಟಲ್ ಸಂದೇಶ ಬಂದರೆ ಮಾತ್ರ ಉರಿಯುವ ಎಲ್‌ಇಡಿ ಲೈಟುಗಳಿಗೆ ವೈರ್ ಜೋಡಿಸಿದ ಮಾತ್ರಕ್ಕೆ ಜೀವ ಬರುವುದಿಲ್ಲ.

ಕಾರಿನ ಮೂಲ ಕನೆಕ್ಟರನ್ನು ಕತ್ತರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ತುದಿ ಕಾರಿಗೆ, ಇನ್ನೊಂದು ತುದಿ ಲೈಟಿಗೆ ಹೊಂದುವ ನಡುವಿನ ವೈರಿಂಗ್ ತುಂಡನ್ನು ತಯಾರಿಸಿದರೆ, ದೋಷ ಹುಡುಕುವುದೂ ಹಳೆಯ ಲೈಟಿಗೆ ಮರಳುವುದೂ ಸುಲಭ. ಅದರ ಜೋಡಣೆಗಳನ್ನು ಸರಿಯಾದ ಕ್ರಿಂಪಿಂಗ್ ಟೂಲ್‌ನಿಂದ ಒತ್ತಿ, ಒಳಮೈಗೆ ಅಂಟು ಸವರಿದ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಬೇಕು. ಬರೀ ಟೇಪ್ ಸುತ್ತಿದರೆ ನೀರು ಇಳಿದು, ತಾಮ್ರ ಹಸಿರುಗಟ್ಟುತ್ತದೆ.

ಲೋ ಬೀಮಿನ ಬೆಳಕಿನ ಮೇಲಂಚು ಶೇಕಡಾ 1ರಷ್ಟು, ಅಂದರೆ 10 ಮೀಟರ್ ದೂರದ ಗೋಡೆಯ ಮೇಲೆ ಲೈಟಿನ ಎತ್ತರಕ್ಕಿಂತ 10 ಸೆಂಟಿಮೀಟರ್ ಕೆಳಗೆ ಬೀಳುವಂತೆ ಹೊಂದಿಸುವುದು ಸಾಮಾನ್ಯ. ಆದರೆ ಬಲಬದಿ ಸಂಚಾರಕ್ಕೆ ಮಾಡಿದ ಲೈಟನ್ನು ಎಡಬದಿ ಸಂಚಾರದ ರಸ್ತೆಗೆ ತಂದರೆ, ಅದರ ಅಂಚು ಒಂದು ಬದಿಯಲ್ಲಿ ಮೇಲೇರುವುದು ಎದುರಿನಿಂದ ಬರುವವರ ಕಣ್ಣಿನ ಕಡೆಗೆ. ಅಂಥ ಲೈಟನ್ನು ಕನೆಕ್ಟರ್ ಬಿಚ್ಚುವ ಮೊದಲೇ ಹಿಂತಿರುಗಿಸಬೇಕು.