ಡ್ರೋನ್ ಆಟಕ್ಕೆ ಅಂಕ ಹಾಕಲು ಹೋಗಿ

“ಮೇಡಂ, ಅಂಗಿ ಗುಂಡಿ ವಿಚಾರ ಆಮೇಲೆ ನೋಡೋಣ. ನಾನು ಡ್ರೋನ್ ಹಾರಿಸಬಹುದಾ? ಅದನ್ನ ಮೊದಲು ಹೇಳಿ.”

ಹೀಗೆ ಕೇಳಿದವರು ಲಿಂಫೋಮಾ ಎಂಬ ಕ್ಯಾನ್ಸರ್‌ಗೆ ಕೀಮೋ ಮುಗಿಸಿ ಎರಡು ತಿಂಗಳಾಗಿತ್ತು. ಅವರಿಗೆ ಕೊಟ್ಟ ಔಷಧಿಗಳಲ್ಲಿ ವಿಂಕ್ರಿಸ್ಟಿನ್ ಇತ್ತು. ಅದು ಕೈಕಾಲಿನ ನರಗಳಿಗೆ ಪೆಟ್ಟು ಕೊಡಬಹುದು. ಆಗ ಬೆರಳ ತುದಿ ಜೋಮು ಹಿಡಿದಂತೆ ಇರುತ್ತದೆ. “ಸದಾ ಗ್ಲೌಸ್ ಹಾಕ್ಕೊಂಡೇ ಎಲ್ಲ ಮುಟ್ಟಿದ ಹಾಗಿದೆ” ಎಂದು ಇವರೂ ಹೇಳಿದರು, ಇಂಥ ಔಷಧಿ ತೆಗೆದುಕೊಂಡ ಎಷ್ಟೋ ಜನ ಹೇಳುತ್ತಾರೆ. ಜೊತೆಗೆ ಸ್ಟೀರಾಯ್ಡ್ ಬೇರೆ. ಅದರಿಂದ ತೊಡೆಯಲ್ಲಿ ಶಕ್ತಿ ಹೋಗಿ, ಕೂತವರು ಏಳಬೇಕಾದರೆ ಕುರ್ಚಿಯ ಕೈ ಊರಬೇಕಿತ್ತು.

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಕಾಯಿಲೆ ಬಿದ್ದವರು ಸ್ನಾನ, ಊಟ, ಬರವಣಿಗೆ, ಗುಂಡಿ ಹಾಕುವುದು ಇಂಥ ದಿನದ ಕೆಲಸಗಳನ್ನು ಮತ್ತೆ ತಾವೇ ಮಾಡಿಕೊಳ್ಳುವಂತೆ ಮಾಡುವುದು ನನ್ನ ಕೆಲಸ. ಡ್ರೋನ್ ಎಂದ ಕೂಡಲೇ ನನಗೆ ಖುಷಿಯಾಯಿತು. ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ನಲ್ಲಿ ಎರಡು ಸ್ಟಿಕ್, ಹೆಬ್ಬೆರಳ ಸಣ್ಣ ಸಣ್ಣ ಚಲನೆ, ಕಣ್ಣು ಕೈ ಹೊಂದಾಣಿಕೆ. ಇದಕ್ಕಿಂತ ಒಳ್ಳೆಯ ಬೆರಳ ವ್ಯಾಯಾಮ ಎಲ್ಲಿ ಸಿಗುತ್ತದೆ? ಅವತ್ತೇ ಕೂತು ಒಂದು ಚಾರ್ಟ್ ಮಾಡಿಕೊಟ್ಟೆ. ಎಷ್ಟು ನಿಮಿಷ ಹಾರಿಸಿದಿರಿ, ಒಂದೇ ಕಡೆ ಎಷ್ಟು ಹೊತ್ತು ನಿಲ್ಲಿಸಿದಿರಿ, ಆಮೇಲೆ ಸುಸ್ತು 0ಯಿಂದ 10ರಲ್ಲಿ ಎಷ್ಟು.

ಮೂರು ವಾರ ಅಚ್ಚುಕಟ್ಟಾಗಿ ತುಂಬಿಕೊಂಡು ಬಂದರು. ನಾಲ್ಕನೇ ವಾರ ಚಾರ್ಟ್ ಖಾಲಿ. ಡ್ರೋನ್ ಪೆಟ್ಟಿಗೆಯಿಂದ ಹೊರಗೇ ಬಂದಿರಲಿಲ್ಲ.

“ಹೋಂವರ್ಕ್ ಆಗೋಯ್ತು ಮೇಡಂ” ಎಂದರು, ಸ್ವಲ್ಪ ಮುಜುಗರದಲ್ಲಿ. ಮುಜುಗರ ಪಡಬೇಕಾದವಳು ನಾನು. ದಿನವಿಡೀ ಮಾತ್ರೆ, ಬಿಪಿ, ತೂಕ, ರಕ್ತದ ಕೌಂಟ್ ಎಂದು ಅಳೆಸಿಕೊಂಡು ಸಾಕಾಗಿದ್ದ ಮನುಷ್ಯನಿಗೆ ಅಳತೆ ಇಲ್ಲದ ಒಂದೇ ಒಂದು ಜಾಗ ಉಳಿದಿತ್ತು, ಅಲ್ಲಿಗೂ ನಾನು ಟೇಪ್ ಹಿಡಿದುಕೊಂಡು ಹೋಗಿದ್ದೆ. ಚಾರ್ಟ್ ಹರಿದು ಹಾಕಿದೆ. ಆಮೇಲಿಂದ ನನ್ನ ರೀತಿ ಬದಲಾಯಿತು. ಹವ್ಯಾಸದ ಸುತ್ತ ಏನು ಸಿದ್ಧತೆ ಬೇಕೋ ಅದನ್ನು ನಾನು ನೋಡಿಕೊಳ್ಳುತ್ತೇನೆ. ಹವ್ಯಾಸದ ಒಳಗೆ ಕೈ ಹಾಕುವುದಿಲ್ಲ.

ಡ್ರೋನ್‌ನಲ್ಲೇ ಅಂಥದ್ದೇನಿದೆ ಎಂದು ಕೇಳಬಹುದು. ಮೊದಲನೆಯದು ಅದರ ಯಂತ್ರವೇ. ಸಾಮಾನ್ಯ ಡ್ರೋನ್‌ಗೆ ನಾಲ್ಕು ಪ್ರೊಪೆಲ್ಲರ್. ಎರಡು ಒಂದು ದಿಕ್ಕಿಗೆ, ಇನ್ನೆರಡು ಎದುರು ದಿಕ್ಕಿಗೆ ತಿರುಗುತ್ತವೆ. ಯಾವುದು ಎಷ್ಟು ಜೋರಾಗಿ ತಿರುಗಬೇಕು ಎನ್ನುವ ಲೆಕ್ಕದಲ್ಲೇ ಅದು ಏರುತ್ತದೆ, ಇಳಿಯುತ್ತದೆ, ವಾಲುತ್ತದೆ, ತಿರುಗುತ್ತದೆ. ಆ ಲೆಕ್ಕವನ್ನೆಲ್ಲ ಒಳಗಿನ ಸಣ್ಣ ಕಂಪ್ಯೂಟರ್ ಮಾಡುತ್ತದೆ. ಮನುಷ್ಯನ ಪಾಲಿಗೆ ಉಳಿಯುವುದು ಬೆರಳ ತುದಿಯ ಕೆಲಸ ಮಾತ್ರ. ಜಿಪಿಎಸ್ ಇರುವ ಡ್ರೋನ್ ಆದರೆ ಎರಡೂ ಸ್ಟಿಕ್ ಬಿಟ್ಟುಬಿಡಿ, ಇದ್ದಲ್ಲೇ ಗಾಳಿಯಲ್ಲಿ ನಿಂತಿರುತ್ತದೆ. ಸುಸ್ತಾದವರಿಗೆ ಇದು ದೊಡ್ಡ ವಿಷಯ. ಸೈಕಲ್ ಮಧ್ಯದಲ್ಲಿ ಕೈ ಬಿಟ್ಟರೆ ಬೀಳುತ್ತೀರಿ, ಈಜುವಾಗ ಬಿಟ್ಟರೆ ಮುಳುಗುತ್ತೀರಿ, ಇಲ್ಲಿ ಒಂದು ನಿಮಿಷ ಸುಧಾರಿಸಿಕೊಂಡು ಮತ್ತೆ ಶುರು ಮಾಡಬಹುದು. ಬ್ಯಾಟರಿ ಮಾತ್ರ ಖರ್ಚಾಗುತ್ತಲೇ ಇರುತ್ತದೆ, ಅಷ್ಟೆ.

ಎರಡನೆಯದು ತಲೆಯ ಕೆಲಸ. ಡ್ರೋನ್ ನಿಮ್ಮಿಂದ ದೂರ ಹೋಗುವಾಗ ಎಡ ಎಂದರೆ ಎಡ. ಅದು ನಿಮ್ಮ ಕಡೆ ಮುಖ ಮಾಡಿತೋ, ಎಡ ಬಲ ಅದಲು ಬದಲು. ಹೊಸಬರೆಲ್ಲ ಇಲ್ಲೇ ಮರಕ್ಕೆ ಗುದ್ದುವುದು. ಕೀಮೋ ಆದ ಮೇಲೆ ಕೆಲವರಿಗೆ ಮರೆವು ಜಾಸ್ತಿಯಾಗುತ್ತದೆ, ಒಂದು ಪುಟ ಓದುವಷ್ಟು ಹೊತ್ತೂ ಮನಸ್ಸು ನಿಲ್ಲುವುದಿಲ್ಲ. ಐಸಿಯುನಲ್ಲಿ ಬಹಳ ದಿನ ಇದ್ದು ಬಂದವರಲ್ಲೂ ಇದನ್ನು ಕಾಣುತ್ತೇವೆ. ಅಂಥವರು ಎದುರು ಮುಖದ ಡ್ರೋನನ್ನು ಇಳಿಸುವಾಗ ಮಾತ್ರ ಅಲ್ಲೇ ಇರುತ್ತಾರೆ, ಪೂರ್ತಿಯಾಗಿ. ಮುಂದಿನ ವಾರದ ಸ್ಕ್ಯಾನ್ ನೆನಪಿಗೆ ಬರಲು ಸಂದು ಸಿಗುವುದಿಲ್ಲ. ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್ಸೆಂಟ್‌ಮಿಹಾಯಿ ಈ ಸ್ಥಿತಿಗೆ ‘ಫ್ಲೋ’ ಎಂದು ಹೆಸರಿಟ್ಟರು. ಕೆಲಸ ತೀರಾ ಸುಲಭವಾದರೆ ಬೇಸರ, ತೀರಾ ಕಷ್ಟವಾದರೆ ಭಯ, ಇವೆರಡರ ನಡುವೆ ಇದು ಸಿಗುತ್ತದೆ. ಸ್ಪೀಡ್ ಮೋಡ್ ಬದಲಾಯಿಸುತ್ತ ಕಷ್ಟವನ್ನು ಬೇಕಾದಷ್ಟೇ ಮಾಡಿಕೊಳ್ಳಬಹುದು ಎನ್ನುವುದು ಡ್ರೋನ್‌ನ ಅನುಕೂಲ.

ಮೂರನೆಯದನ್ನು ಅವರೇ ಹೇಳಿದರು. “ಆರು ತಿಂಗಳಲ್ಲಿ ನನ್ನ ಮಾತು ಕೇಳಿದ ಮೊದಲ ಮಷೀನ್ ಇದು ಮೇಡಂ. ಬಾಕಿ ಎಲ್ಲ ನನ್ನನ್ನೇ ಮಲಗಿಸಿ ಬೀಪ್ ಬೀಪ್ ಅಂತಿದ್ದವು.”

ಈಗ ಸಿದ್ಧತೆಗೆ ಬರೋಣ. ಸುಸ್ತಾಗಿಸುವುದು ಹಾರಾಟವಲ್ಲ. ಬ್ಯಾಗ್ ಹೊತ್ತು ಮೈದಾನದ ಮಧ್ಯಕ್ಕೆ ನಡೆಯುವುದು, ಡ್ರೋನ್ ಇಡಲು ಬಗ್ಗುವುದು, ಬಗ್ಗಿದವರು ಏಳುವುದು, ಬಿಸಿಲಲ್ಲಿ ನಿಲ್ಲುವುದು, ಇವು ಸುಸ್ತಾಗಿಸುತ್ತವೆ. ಮಡಚುವ ಕುರ್ಚಿ ಇರಲಿ, ಅದೂ ಕೈ ಇರುವಂಥದ್ದು. ನೆಲಕ್ಕೆ ಇಡುವ, ಎತ್ತುವ ಕೆಲಸ ಜೊತೆಗೆ ಬಂದವರದ್ದು. ಕೂತು ಹಾರಿಸುವಾಗ ನೆತ್ತಿಯ ಮೇಲೆ ತರಬೇಡಿ, ಕತ್ತು ಹಿಂದಕ್ಕೆ ವಾಲಿಸಿದರೆ ಕೆಲವರಿಗೆ ತಲೆ ತಿರುಗುತ್ತದೆ. 30 ಮೀಟರ್ ದೂರದಲ್ಲಿ 10 ಮೀಟರ್ ಎತ್ತರ ಇಟ್ಟುಕೊಂಡರೆ ಕತ್ತು ಎತ್ತುವ ಪ್ರಮೇಯವೇ ಇಲ್ಲ. ಹೊತ್ತು ಬೆಳಗಿನದ್ದಾದರೆ ಒಳ್ಳೆಯದು. ಸಾಮಾನ್ಯವಾಗಿ ಆಗ ಗಾಳಿಯೂ ಕಡಿಮೆ, ಬಿಸಿಲೂ ಕಡಿಮೆ, ಮತ್ತೆ ಕೆಲವು ಔಷಧಿಗಳಿಂದ ಚರ್ಮ ಬೇಗ ಸುಡುತ್ತದೆ.

ಕ್ಯಾನ್ಸರ್ ನಂತರದ ಸುಸ್ತು ಮಲಗಿ ಎದ್ದರೆ ಹೋಗುವ ಸುಸ್ತಲ್ಲ. ಹುಷಾರಾಗಿ ಕಂಡ ದಿನ ಎಲ್ಲ ಕೆಲಸ ಒಟ್ಟಿಗೆ ಮಾಡುವುದು, ಆಮೇಲೆ ಎರಡು ದಿನ ಹಾಸಿಗೆ ಹಿಡಿಯುವುದು. ಇದನ್ನು ಬಿಡಿಸಲು ನಾವು ಎಷ್ಟು ಮಾತಾಡುತ್ತೇವೆ, ದೇವರೇ ಬಲ್ಲ. ಡ್ರೋನ್ ಹಾರಿಸುವವರಿಗೆ ಮಾತ್ರ ಒಂದೇ ವಾಕ್ಯ ಸಾಕಾಯಿತು. ಹೋಗುವಾಗ ಗಾಳಿ ಹಿಂದಿನಿಂದ ತಳ್ಳುತ್ತದೆ, ಬ್ಯಾಟರಿ ಖರ್ಚೇ ಆಗಿಲ್ಲ ಅನ್ನಿಸುತ್ತದೆ. ವಾಪಸ್ ಬರುವಾಗ ಅದೇ ಗಾಳಿ ಎದುರಿಗೆ. ಅದಕ್ಕೇ ಅನುಭವಸ್ಥರು ಶೇ 30 ಉಳಿದಿರುವಾಗಲೇ ಇಳಿಸಲು ತಯಾರಾಗುತ್ತಾರೆ. ಮೈಯ ಲೆಕ್ಕವೂ ಹೀಗೇ ಎಂದೆ. ಅವರು ತಲೆಯಾಡಿಸಿದರು, ಮತ್ತೆ ಆ ವಿಷಯ ನಾನು ಎತ್ತಬೇಕಾಗಲಿಲ್ಲ.

ಬ್ಯಾಟರಿ ಎಂದಾಗ ಇನ್ನೊಂದು. ಡ್ರೋನ್‌ಗಳಲ್ಲಿ ಹೆಚ್ಚಾಗಿ ಇರುವುದು ಲಿಥಿಯಂ ಪಾಲಿಮರ್ ಬ್ಯಾಟರಿ. ಪ್ರತಿ ಸೆಲ್ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್, ತುಂಬ ದಿನ ಎತ್ತಿಡಬೇಕಾದರೆ 3.8ರ ಆಸುಪಾಸು ಇರಬೇಕು. ಆಸ್ಪತ್ರೆಗೆ ಅವಸರದಲ್ಲಿ ಹೋದವರು ಇದನ್ನೆಲ್ಲ ನೋಡುತ್ತಾರಾ? ಫುಲ್ ಚಾರ್ಜ್‌ನಲ್ಲೇ ತಿಂಗಳುಗಟ್ಟಲೆ ಬಿದ್ದ ಬ್ಯಾಟರಿ ಊದಿಕೊಂಡಿರಬಹುದು, ಊದಿದ್ದನ್ನು ಚಾರ್ಜ್‌ಗೆ ಹಾಕಿದರೆ ಬೆಂಕಿ ಹತ್ತಬಹುದು. ಬೇರೆಯವರಿಗೆ ಊದಿದ್ದು ಬೆರಳಿಗೇ ಗೊತ್ತಾಗುತ್ತದೆ, ಜೋಮು ಹಿಡಿದ ಬೆರಳಿಗೆ ಗೊತ್ತಾಗುವುದಿಲ್ಲ. ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಿ. ಅಲ್ಲಾಡಿದರೆ, ಹೊಟ್ಟೆ ಬಂದಂತೆ ಕಂಡರೆ ಮುಟ್ಟಲೇಬೇಡಿ, ಬ್ಯಾಟರಿ ವಿಲೇವಾರಿ ಮಾಡುವ ಕಡೆ ಕೊಡಲು ಯಾರಿಗಾದರೂ ಹೇಳಿ. ಬಿಸಿ ಬೆರಳಿಗೆ ಗೊತ್ತಾಗದಿದ್ದರೆ ಮುಂಗೈ ಹತ್ತಿರ ಹಿಡಿದು ನೋಡಿ.

ಇದೇ ಬೆರಳುಗಳಿಗೆ ಸ್ಟಿಕ್ ಎಲ್ಲಿದೆ ಎಂದೂ ಗೊತ್ತಾಗುವುದಿಲ್ಲ. ಹೆಬ್ಬೆರಳನ್ನು ಮೇಲಿಡುವ ಬದಲು ಹೆಬ್ಬೆರಳು ತೋರುಬೆರಳು ಎರಡರಿಂದಲೂ ಚಿಟಿಕೆ ಹಿಡಿದಂತೆ ಹಿಡಿದರೆ ಹಿಡಿತ ಸಿಗುತ್ತದೆ. ಸ್ವಲ್ಪ ಉದ್ದದ ಸ್ಟಿಕ್ ಹಾಕಿಸಿಕೊಳ್ಳಬಹುದು. ನಿಧಾನದ ಮೋಡ್‌ನಲ್ಲಿ ಇಟ್ಟರೆ ಕೈ ನಡುಗಿದರೂ ಡ್ರೋನ್ ಹಾರಿ ಬೀಳುವುದಿಲ್ಲ.

ಕೆಲವು ವಿಷಯಗಳಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಕೈಯಲ್ಲಿ ಹಿಡಿದು ಇಳಿಸುವುದು ಬೇಡ. ಪ್ಲೇಟ್‌ಲೆಟ್ ಕಡಿಮೆ ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅಂತೂ ಆ ಯೋಚನೆಯನ್ನೇ ಬಿಡಿ, ಪ್ರೊಪೆಲ್ಲರ್‌ಗೆ ಸುತ್ತ ಗಾರ್ಡ್ ಹಾಕಿ. ಎದೆಯಲ್ಲಿ ಕೀಮೋ ಪೋರ್ಟ್, ಅಂದರೆ ಔಷಧಿ ಕೊಡಲು ಚರ್ಮದಡಿ ಕೂರಿಸಿದ ಪುಟ್ಟ ಸಾಧನ, ಇದ್ದರೆ ಕಂಟ್ರೋಲರ್‌ನ ಕೊರಳಪಟ್ಟಿ ಸರಿಯಾಗಿ ಅದರ ಮೇಲೇ ಉಜ್ಜುತ್ತದೆ, ತೊಡೆಯ ಮೇಲೆ ದಿಂಬಿಟ್ಟು ಅದರ ಮೇಲೆ ಕಂಟ್ರೋಲರ್ ಇಟ್ಟುಕೊಳ್ಳಿ. ಪೇಸ್‌ಮೇಕರ್ ಇರುವವರು ಗಮನಿಸಬೇಕಾದ್ದು ಇನ್ನೊಂದಿದೆ. ಡ್ರೋನ್ ಮೋಟರ್‌ಗಳ ಒಳಗೆ ಬಲವಾದ ಆಯಸ್ಕಾಂತ ಇರುತ್ತದೆ. ಡ್ರೋನನ್ನು ಮಗುವಿನ ಹಾಗೆ ಎದೆಗೆ ಅವಚಿಕೊಂಡು ನಡೆಯುವವರನ್ನು ನೋಡಿದ್ದೇನೆ. ಆಯಸ್ಕಾಂತಗಳಿಗೆ ಸಾಮಾನ್ಯವಾಗಿ ಹೇಳುವ 15 ಸೆಂಟಿಮೀಟರ್ ಅಂತರ ಇಲ್ಲೂ ಇರಲಿ, ನಿಮ್ಮ ಹೃದಯದ ಡಾಕ್ಟರನ್ನೂ ಒಂದು ಮಾತು ಕೇಳಿ.

ನರನೋವಿಗೆ ಕೊಡುವ ಪ್ರಿಗ್ಯಾಬಲಿನ್‌ನಂಥ ಮಾತ್ರೆಗಳು, ಬಲವಾದ ನೋವು ನಿವಾರಕಗಳು ತೂಕಡಿಕೆ ತರುತ್ತವೆ. ಕಾರು ಓಡಿಸಬೇಡಿ ಎಂದು ಹೇಳಿದ ದಿನಗಳಲ್ಲಿ ಡ್ರೋನೂ ಬೇಡ. ಬೇಕಿದ್ದರೆ ಕಂಪ್ಯೂಟರ್‌ನಲ್ಲಿ ಸಿಮ್ಯುಲೇಟರ್ ಆಡಿ, ಅಲ್ಲಿ ಎಷ್ಟು ಸಲ ಬಿದ್ದರೂ ಯಾರ ತಲೆಗೂ ಏಟಾಗುವುದಿಲ್ಲ. ಪಾರ್ಶ್ವವಾಯು ಆದವರಲ್ಲಿ ಕೆಲವರಿಗೆ ಒಂದು ಬದಿಯ ನೋಟವೇ ಹೋಗಿರುತ್ತದೆ, ಹೋಗಿದೆ ಎಂಬುದು ಅವರಿಗೇ ತಿಳಿದಿರುವುದಿಲ್ಲ, ಆ ಬದಿಗೆ ಹೋದ ಡ್ರೋನ್ ಮಾಯ. ಕಣ್ಣಿನ ಪರೀಕ್ಷೆ ಮೊದಲು. ಫಿಟ್ಸ್ ಬಂದವರು ಡಾಕ್ಟರ್ ಒಪ್ಪದೆ ಹಾರಿಸಬಾರದು. ಕಣ್ಣಿಗೆ ಕನ್ನಡಕದಂತೆ ಹಾಕಿಕೊಂಡು ಡ್ರೋನ್‌ನ ಕ್ಯಾಮೆರಾದಲ್ಲೇ ನೋಡುತ್ತ ಹಾರಿಸುವ ಎಫ್‌ಪಿವಿ ಇದೆಯಲ್ಲ, ಅದು ಚೆಂದವೇ. ಆದರೆ ಕಣ್ಣು ಹಾರುತ್ತಿದೆ ಎನ್ನುತ್ತದೆ, ಒಳಕಿವಿ ಕೂತಿದ್ದೇನೆ ಎನ್ನುತ್ತದೆ, ಆ ಜಗಳದಲ್ಲಿ ವಾಂತಿ ಬರುವಂತಾಗುತ್ತದೆ. ಕೀಮೋದಲ್ಲಿ ವಾಂತಿ ಮಾಡಿ ಸಾಕಾದವರಿಗೆ ಇದು ಯಾಕೆ ಬೇಕು? ಸ್ವಲ್ಪ ತಿಂಗಳು ಕಾಯಿರಿ.

ಕಾನೂನು ದೇಶದಿಂದ ದೇಶಕ್ಕೆ ಬೇರೆ. 250 ಗ್ರಾಂ ಒಳಗಿನವಕ್ಕೆ ಹಲವು ಕಡೆ ನಿಯಮ ಸಡಿಲ, ಎತ್ತರದ ಮಿತಿ ಹಲವು ಕಡೆ 120 ಮೀಟರ್, ಡ್ರೋನ್ ಕಣ್ಣಿಗೆ ಕಾಣುತ್ತಿರಲೇಬೇಕು. ನಿಮ್ಮಲ್ಲಿ ಏನಿದೆ ಎಂದು ನೋಡಿಕೊಳ್ಳಿ. ಹಗುರದ್ದು ನಿಮ್ಮ ತೋಳಿಗೂ ಒಳ್ಳೆಯದು.

ಮನೆಯವರಿಗೂ ಒಂದು ಮಾತು. “ಇವತ್ತು ಯಾಕೆ ಹಾರಿಸಲಿಲ್ಲ?” ಎಂದು ಕೇಳಬೇಡಿ. ಅದೂ ಒಂದು ಚಾರ್ಟೇ. ಪೆಟ್ಟಿಗೆ ತೆರೆಯದ ದಿನಗಳು ಇರುತ್ತವೆ, ಇರಲಿ ಬಿಡಿ.

ಚಾರ್ಟ್ ಹರಿದ ಮೇಲೆ ಅವರು ಮತ್ತೆ ಶುರು ಮಾಡಿದರು. ಒಂದು ದಿನ ಮರಕ್ಕೆ ಗುದ್ದಿ ಎರಡು ಪ್ರೊಪೆಲ್ಲರ್ ಮುರಿದುಕೊಂಡರು. ನಗುತ್ತಲೇ ಹೇಳಿದರು. ರಕ್ತದ ರಿಪೋರ್ಟ್ ಕೆಟ್ಟರೆ ಕಾಯುವುದು ಬಿಟ್ಟು ಅವರ ಕೈಯಲ್ಲಿ ಏನೂ ಇರುತ್ತಿರಲಿಲ್ಲ, ಇಲ್ಲಿ ಹೊಸ ಪ್ರೊಪೆಲ್ಲರ್ ಹಾಕಬಹುದಿತ್ತು. ಗುಂಡಿ ಹಾಕಲು ಒದ್ದಾಡುತ್ತಿದ್ದ ಬೆರಳಿನಿಂದ ಅಕ್ಕಿಕಾಳಿಗಿಂತ ಸಣ್ಣ ಸ್ಕ್ರೂ ತಿರುಗಿಸುತ್ತ ಸಂಜೆಯೆಲ್ಲ ಕೂತಿದ್ದರಂತೆ. ಎಷ್ಟು ಹೊತ್ತಾಯಿತು ಎಂದು ಕೇಳುವ ಚಪಲ ನನಗೆ. ತಡೆದುಕೊಂಡೆ.

ಕೊನೆಯ ಸಲ ಬಂದಾಗ ಫೋನ್‌ನಲ್ಲಿ ವಿಡಿಯೊ ತೋರಿಸಿದರು. ಒಂದು ದಿಬ್ಬ. ಮೇಲೆ ಎರಡು ಕುರ್ಚಿ, ಒಂದರಲ್ಲಿ ಅವರು, ಇನ್ನೊಂದರಲ್ಲಿ ಹೆಂಡತಿ. ಡ್ರೋನ್ ನಿಧಾನಕ್ಕೆ ಹಿಂದೆ ಸರಿಯುತ್ತ ಏರುತ್ತದೆ, ಇಬ್ಬರೂ ಸಣ್ಣಗಾಗುತ್ತಾರೆ, ಹೆಂಡತಿ ಕೈ ಬೀಸುತ್ತಾರೆ. ಅಷ್ಟೆ, ಬೇರೇನೂ ಆಗುವುದಿಲ್ಲ. ಆ ದಿಬ್ಬ ಹೇಗೆ ಹತ್ತಿದಿರಿ, ಎಷ್ಟು ಸಲ ಕೂತಿರಿ, ಮಾರನೇ ದಿನ ತೊಡೆ ನೋವು ಬಂತಾ ಎಂಬ ಪ್ರಶ್ನೆಗಳೆಲ್ಲ ನನ್ನ ನಾಲಿಗೆ ತುದಿಗೆ ಬಂದಿದ್ದವು.

“ಚೆನ್ನಾಗಿದೆ” ಎಂದೆ.

“ಇರಿ ಮೇಡಂ, ಇನ್ನೊಂದ್ಸಲ ಹಾಕ್ತೀನಿ” ಎಂದು ಮತ್ತೆ ಮೊದಲಿನಿಂದ ಹಚ್ಚಿದರು.