ಯಾವ ಉತ್ತರ ಕೊಟ್ಟರೂ ಒಂದೇ ತೀರ್ಪು: ಯುರೋಪಿನ ಮಾಟಗಾತಿ ವಿಚಾರಣೆಗಳು

ಯುರೋಪಿನಲ್ಲಿ ಮಾಟಗಾತಿಯರೆಂಬ ಆರೋಪ ಹೊರಿಸಿ ಹೆಂಗಸರನ್ನು ಕೊಂದ ಇತಿಹಾಸವನ್ನು ‘ಮಧ್ಯಯುಗದ ಅಜ್ಞಾನ’ದ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಕಾಲಗಣನೆಯೇ ಇದಕ್ಕೆ ಒಪ್ಪುವುದಿಲ್ಲ. ಡಯಾನಾ ದೇವತೆಯೊಡನೆ ರಾತ್ರಿ ಆಕಾಶದಲ್ಲಿ ಸಂಚರಿಸಿದೆವೆಂದು ಹೇಳುವ ಹೆಂಗಸರು ಕನಸನ್ನೇ ನಿಜವೆಂದು ನಂಬಿದ್ದಾರೆ, ಅಂಥದ್ದನ್ನು ಯಾರೂ ನಂಬಬಾರದು ಎಂದು 10ನೇ ಶತಮಾನದ ಚರ್ಚಿನ ನಿಯಮವೊಂದು ಸ್ಪಷ್ಟವಾಗಿ ಸಾರಿತ್ತು. ಮಾಟಗಾತಿಯರ ಬೇಟೆ ಉಗ್ರಸ್ವರೂಪ ತಾಳಿದ್ದು ಸುಮಾರು 1560ರಿಂದ 1630ರವರೆಗೆ, ಅಂದರೆ ಗೆಲಿಲಿಯೊ ದೂರದರ್ಶಕದಲ್ಲಿ ಗುರುಗ್ರಹದ ಉಪಗ್ರಹಗಳನ್ನು ಕಂಡ, ಮುದ್ರಣಾಲಯಗಳೂ ವಿಶ್ವವಿದ್ಯಾಲಯಗಳೂ ತುಂಬಿದ್ದ ಕಾಲದಲ್ಲಿ. ಸತ್ತವರು 90 ಲಕ್ಷ ಎಂಬ ಮಾತನ್ನೂ ಆಗಾಗ ಕೇಳುತ್ತೇವೆ. ಕ್ವೆಡ್ಲಿನ್‌ಬುರ್ಗ್ ಎಂಬ ಒಂದೇ ಊರಿನ ಕೆಲವು ದಾಖಲೆಗಳನ್ನು ಇಡೀ ಯುರೋಪಿಗೂ ಹಲವು ಶತಮಾನಗಳಿಗೂ ಗುಣಿಸಿ 18ನೇ ಶತಮಾನದ ಕೊನೆಯಲ್ಲಿ ಒಬ್ಬ ಲೇಖಕ ಮುಟ್ಟಿದ ಅಂಕಿ ಅದು. ನ್ಯಾಯಾಲಯಗಳ ಕಡತಗಳನ್ನು ಶೋಧಿಸಿದ ಇತಿಹಾಸಕಾರರ ಅಂದಾಜು 40 ಸಾವಿರದಿಂದ 60 ಸಾವಿರ. ಅವರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಪಾಲು ಹೆಂಗಸರು. ಸಂಖ್ಯೆ ಇಳಿದುದರಿಂದ ಕ್ರೌರ್ಯವೇನೂ ಇಳಿಯುವುದಿಲ್ಲ, ಆದರೆ ಕಾರಣ ಹುಡುಕುವವರಿಗೆ ಸರಿಯಾದ ಅಳತೆ ಬೇಕು.

ಆರೋಪಗಳು ಹುಟ್ಟಿದ್ದು ನಿತ್ಯದ ಸಂಕಟಗಳಿಂದ. ಹಸುವಿನ ಹಾಲು ಬತ್ತಿತು, ಮಗು ಸತ್ತಿತು, ಬೆಳೆಯ ಮೇಲೆ ಆಲಿಕಲ್ಲು ಸುರಿಯಿತು. ಆ ದಶಕಗಳಲ್ಲಿ ಯುರೋಪಿನ ಹವಾಮಾನ ತಣ್ಣಗಾಗಿ, ಬೆಳೆನಾಶವೂ ಬರಗಾಲವೂ ಮೇಲಿಂದ ಮೇಲೆ ಬಂದವು. 1562ರ ಭೀಕರ ಆಲಿಕಲ್ಲಿನ ಮಳೆಯ ನಂತರ ಜರ್ಮನಿಯ ವೀಸೆನ್‌ಸ್ಟೈಗ್ ಎಂಬ ಸಣ್ಣ ಊರಿನಲ್ಲಿ 63 ಮಂದಿಯನ್ನು ಸುಡಲಾಯಿತು. ಆದರೂ ಸಂಕಟವೊಂದೇ ಇದನ್ನು ವಿವರಿಸಲಾರದು, ಏಕೆಂದರೆ ಅಂಥ ಸಂಕಟವಿದ್ದ ಎಷ್ಟೋ ಊರುಗಳಲ್ಲಿ ಒಂದು ಸಾವೂ ಸಂಭವಿಸಲಿಲ್ಲ. ನೆರೆಹೊರೆಯ ಜಗಳವೊಂದು ನೂರಾರು ಜನರ ಸಾವಾಗಿ ಬೆಳೆಯಲು ಒಂದು ವಿಚಾರಣಾ ಪದ್ಧತಿ ಬೇಕಾಗಿತ್ತು. ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ತಿರುಳು ಆ ಪದ್ಧತಿಯಲ್ಲೇ ಇದೆ.

ಅದು ಹೇಗೆ ನಡೆಯುತ್ತಿತ್ತೆಂಬುದನ್ನು ಜರ್ಮನಿಯ ಬಾಂಬರ್ಗ್ ನಗರದ ಮೇಯರ್ ಯೊಹಾನೆಸ್ ಯೂನಿಯಸ್ 1628ರ ಜುಲೈನಲ್ಲಿ ಸೆರೆಮನೆಯಿಂದ ಮಗಳು ವೆರೋನಿಕಾಳಿಗೆ ಗುಟ್ಟಾಗಿ ಬರೆದ ಪತ್ರ ಬಿಚ್ಚಿಡುತ್ತದೆ. ಅವನ ಹೆಂಡತಿಯನ್ನು ಅದೇ ಆರೋಪದ ಮೇಲೆ ಆಗಲೇ ಕೊಂದಿದ್ದರು. ಹೆಬ್ಬೆರಳುಗಳನ್ನು ತಿರುಪಿನಲ್ಲಿ ಹಿಂಡಿ, ಕೈಗಳನ್ನು ಹಿಂದಕ್ಕೆ ಕಟ್ಟಿ ಹಗ್ಗದಿಂದ ಮೇಲಕ್ಕೆಳೆದು ಬೀಳಿಸಿದ ಮೇಲೆ, ನಿಜವೋ ಸುಳ್ಳೋ ಏನಾದರೊಂದನ್ನು ಒಪ್ಪಿಕೊಳ್ಳಿ, ಇಲ್ಲವಾದರೆ ಹಿಂಸೆ ನಿಲ್ಲುವುದಿಲ್ಲವೆಂದು ಹಿಂಸಿಸುತ್ತಿದ್ದವನೇ ಅವನನ್ನು ಬೇಡಿಕೊಂಡ. ಯೂನಿಯಸ್ ಒಂದು ಕಥೆ ಕಟ್ಟಿ ಹೇಳಿದ. ಅಷ್ಟಕ್ಕೆ ಮುಗಿಯಲಿಲ್ಲ. ಮಾಟಗಾರರ ಕೂಟದಲ್ಲಿ ಯಾರ‍್ಯಾರನ್ನು ಕಂಡೆ ಎಂಬ ಪ್ರಶ್ನೆ ಬಂತು. ಯಾರ ಗುರುತೂ ಸಿಗಲಿಲ್ಲವೆಂದಾಗ, ಮಾರುಕಟ್ಟೆಯಿಂದ ಹಿಡಿದು ಒಂದೊಂದೇ ಬೀದಿಯನ್ನು ನೆನಪಿಸಿ, ಅಲ್ಲಿ ವಾಸಿಸುವವರ ಹೆಸರು ಹೇಳುವಂತೆ ಬಲವಂತ ಮಾಡಿದರು. ತನ್ನ ವಿರುದ್ಧ ಸಾಕ್ಷಿ ನುಡಿದ ಆರು ಮಂದಿ ಕೂಡ ಹೀಗೆಯೇ ಹಿಂಸೆ ತಾಳಲಾರದೆ ನುಡಿದವರು, ಸಾಯುವ ಮೊದಲು ತನ್ನ ಕ್ಷಮೆ ಕೇಳಿದವರು ಎಂದು ಪತ್ರದ ಅಂಚಿನಲ್ಲಿ ಸೇರಿಸಿದ್ದಾನೆ.

ಇಲ್ಲಿರುವ ಗಣಿತವನ್ನು ಗಮನಿಸಬೇಕು. ಹಿಂಸೆಗೊಳಗಾದ ಪ್ರತಿಯೊಬ್ಬರೂ ಮೂವರ ಹೆಸರು ಹೇಳಿ, ಆ ಮೂವರನ್ನೂ ಅದೇ ರೀತಿ ಪ್ರಶ್ನಿಸಿದರೆ, ಎರಡನೆಯ ಸುತ್ತಿಗೆ ಒಂಬತ್ತು, ಮೂರನೆಯ ಸುತ್ತಿಗೆ 27, ನಾಲ್ಕನೆಯ ಸುತ್ತಿಗೆ 81 ಮಂದಿ. ಇನ್ನೂ ಅಪಾಯಕಾರಿಯಾದ ಸಂಗತಿಯೆಂದರೆ, ನ್ಯಾಯಾಧೀಶರ ಕಣ್ಣಿಗೆ ಇದು ಸಾಕ್ಷ್ಯ ಗಟ್ಟಿಯಾಗುತ್ತಾ ಹೋದಂತೆ ಕಾಣುತ್ತಿತ್ತು. ಒಬ್ಬರನ್ನೊಬ್ಬರು ನೋಡದ ಆರು ಮಂದಿ ಒಂದೇ ಕೂಟವನ್ನು, ಒಂದೇ ಸೈತಾನನನ್ನು ವರ್ಣಿಸಿದರೆ ಅದು ಸುಳ್ಳಾದೀತು ಹೇಗೆ? ಆದರೆ ಆರೂ ಮಂದಿಗೆ ಹಾಕಿದ ಪ್ರಶ್ನೆಗಳು ಒಂದೇ ಆಗಿದ್ದವು, ನಿರೀಕ್ಷಿಸಿದ ಉತ್ತರಗಳೂ ಒಂದೇ. ಸ್ವತಂತ್ರ ಸಾಕ್ಷಿಗಳೆಂದು ಎಣಿಸಿದ್ದು ವಾಸ್ತವದಲ್ಲಿ ಒಂದೇ ಪ್ರಶ್ನಾವಳಿಯ ಪ್ರತಿಧ್ವನಿಗಳನ್ನು.

ಮರಣದಂಡನೆಗೊಳಗಾದವರ ಕೊನೆಯ ದಿನಗಳನ್ನು ಹತ್ತಿರದಿಂದ ಬಲ್ಲ ಜೆಸ್ಯೂಟ್ ಪಾದ್ರಿ ಫ್ರೀಡ್ರಿಶ್ ಸ್ಪೇ 1631ರಲ್ಲಿ ಹೆಸರು ಮರೆಸಿ ಪ್ರಕಟಿಸಿದ ಲ್ಯಾಟಿನ್ ಕೃತಿಯಲ್ಲಿ ಈ ತರ್ಕದ ದೋಷವನ್ನು ನಿಷ್ಠುರವಾಗಿ ತೋರಿಸಿದ. ಆರೋಪಿ ಕೆಟ್ಟ ನಡತೆಯವಳಾದರೆ ಅದೇ ಪುರಾವೆ. ಒಳ್ಳೆಯವಳಾದರೆ ಮಾಟಗಾತಿಯರು ಭಕ್ತೆಯರ ಸೋಗು ಹಾಕುತ್ತಾರೆಂಬುದು ಪುರಾವೆ. ಹೆದರಿದರೆ ಪಾಪಪ್ರಜ್ಞೆ, ಹೆದರದಿದ್ದರೆ ಸೈತಾನನ ಬೆಂಬಲ. ಹಿಂಸೆಯಲ್ಲಿ ಒಪ್ಪಿಕೊಂಡರೆ ಅಪರಾಧಿ. ಬಾಯಿ ಬಿಡದೆ ತಾಳಿಕೊಂಡರೆ ಅವಳಿಗೆ ಆ ಶಕ್ತಿ ಕೊಟ್ಟವನು ಯಾರು? ಯಾವ ಭಾರ ಇಟ್ಟರೂ ಒಂದೇ ಕಡೆಗೆ ವಾಲುವ ತಕ್ಕಡಿ ಭಾರವನ್ನು ಅಳೆಯುತ್ತಿಲ್ಲ. ‘ಇಲ್ಲ’ ಎಂಬ ಉತ್ತರಕ್ಕೆ ಅವಕಾಶವನ್ನೇ ಕೊಡದ ಪರೀಕ್ಷೆ, ಎಷ್ಟೇ ದಪ್ಪ ಕಡತ ನಿರ್ಮಿಸಿದರೂ, ಪರೀಕ್ಷೆಯೇ ಅಲ್ಲ.

ಹೆಂಗಸರೇ ಏಕೆ ಹೆಚ್ಚು ಬಲಿಯಾದರು? ಸೂಲಗಿತ್ತಿಯರನ್ನು ಅಳಿಸಿಹಾಕುವ ವೈದ್ಯರ ಸಂಚು ಎಂಬ ಜನಪ್ರಿಯ ವಾದವನ್ನು ದಾಖಲೆಗಳು ಎತ್ತಿಹಿಡಿಯುವುದಿಲ್ಲ. ಹೆಂಗಸರ ಬುದ್ಧಿ ದುರ್ಬಲ, ಕಾಮ ಪ್ರಬಲ ಎಂದು 1480ರ ದಶಕದಲ್ಲಿ ಬರೆದ ಹೈನ್ರಿಶ್ ಕ್ರಾಮರ್‌ನಂಥ ಪಂಡಿತರು ಸೈದ್ಧಾಂತಿಕ ಬುನಾದಿ ಹಾಕಿದರು. ಅಡುಗೆ, ಬಾಣಂತನ, ಮಕ್ಕಳ ಆರೈಕೆ, ಹೈನು ಎಲ್ಲವೂ ಹೆಂಗಸರ ಕೈಯಲ್ಲಿದ್ದುದರಿಂದ ಅಲ್ಲಿ ಏನು ಕೆಟ್ಟರೂ ಬೆರಳು ಅವರತ್ತಲೇ ಚಾಚುತ್ತಿತ್ತು. ಗಂಡನ ಆಸರೆಯಿಲ್ಲದ ಮುದುಕಿಯ ಪರವಾಗಿ ನ್ಯಾಯಾಲಯದಲ್ಲಿ ನಿಲ್ಲುವವರು ವಿರಳ. ಆದರೂ ಐಸ್‌ಲ್ಯಾಂಡ್ ಮತ್ತು ನಾರ್ಮಂಡಿಯಲ್ಲಿ ಶಿಕ್ಷೆಗೊಳಗಾದವರಲ್ಲಿ ಗಂಡಸರೇ ಹೆಚ್ಚು ಎಂಬುದನ್ನು ಮರೆಯುವಂತಿಲ್ಲ.

ಅಂಥ ಮುದುಕಿಯೊಬ್ಬಳ ಪರವಾಗಿ ನಿಂತ ಮಗ ಯೊಹಾನೆಸ್ ಕೆಪ್ಲರ್, ಗ್ರಹಗಳ ಚಲನೆಯ ನಿಯಮಗಳನ್ನು ಕಂಡುಹಿಡಿದವನು. ಅವನ ತಾಯಿ ಕಥರೀನಾ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಲಿಯೊನ್‌ಬರ್ಗ್‌ನಲ್ಲಿ ಒಂಟಿಯಾಗಿ ಬದುಕುತ್ತಿದ್ದಳು, ಗಿಡಮೂಲಿಕೆಗಳನ್ನು ಬಲ್ಲವಳು. ಅವಳು ಕೊಟ್ಟ ಕಹಿ ಪಾನೀಯದಿಂದ ತನಗೆ ಕಾಯಿಲೆ ಬಂತೆಂದು ಗಾಜಿನ ಕೆಲಸದವನ ಹೆಂಡತಿ ಉರ್ಸುಲಾ 1615ರಲ್ಲಿ ದೂರಿದ ಮೇಲೆ ಊರಿನ ಹಳೆಯ ನೋವುಗಳೆಲ್ಲ ಅವಳ ತಲೆಗೆ ಬಂದವು. 1620ರ ಆಗಸ್ಟ್‌ನ ಒಂದು ರಾತ್ರಿ ಎಪ್ಪತ್ತು ದಾಟಿದ್ದ ಅವಳನ್ನು ಬಂಧಿಸಿ, ಸರಪಳಿ ಬಿಗಿದರು. ಆಸ್ಟ್ರಿಯಾದ ಲಿಂಟ್ಸ್‌ನಿಂದ ಧಾವಿಸಿ ಬಂದ ಕೆಪ್ಲರ್ ದೀರ್ಘವಾದ ಲಿಖಿತ ಪ್ರತಿವಾದವನ್ನು ಸಿದ್ಧಪಡಿಸಿದ. ಮಾಟಗಾತಿಯರೇ ಇಲ್ಲವೆಂದು ಅವನು ವಾದಿಸಲಿಲ್ಲ. ಬದಲಿಗೆ ಪ್ರತಿಯೊಂದು ಹೇಳಿಕೆಯನ್ನೂ ಪ್ರತ್ಯೇಕಿಸಿ, ಯಾರು ಯಾವಾಗ ಏನು ಹೇಳಿದರು, ಮೊದಲ ಮಾತಿಗೂ ನಂತರದ ಮಾತಿಗೂ ಹೊಂದಿಕೆಯಿದೆಯೇ ಎಂದು ಪರಿಶೀಲಿಸಿದ. ಕಥರೀನಾ ಪಕ್ಕದಲ್ಲಿ ಹಾದುಹೋದಳೆಂಬ ಕಾರಣಕ್ಕೆ ಕೈ ಜೋಮು ಹಿಡಿಯಿತೆಂದ ಹುಡುಗಿ ಇಟ್ಟಿಗೆಯ ಭಾರ ಹೊತ್ತಿದ್ದಳು. ಪಾನೀಯ ಕುಡಿದು ಕುಂಟನಾದೆನೆಂದ ಶಾಲಾಮಾಸ್ತರ ಹಳ್ಳವೊಂದನ್ನು ಜಿಗಿಯಲು ಹೋಗಿ ಕಾಲು ಕೆಡಿಸಿಕೊಂಡಿದ್ದ. ಕೊನೆಗೆ ಹಿಂಸೆಯ ಸಲಕರಣೆಗಳನ್ನು ಕಥರೀನಾಳ ಎದುರಿಗಿಟ್ಟು ಬೆದರಿಸಿದರು. ಒಂದೊಂದೇ ನರ ಕಿತ್ತರೂ ಒಪ್ಪಿಕೊಳ್ಳಲು ತನ್ನಲ್ಲಿ ಏನೂ ಇಲ್ಲವೆಂದಳು. 1621ರ ಅಕ್ಟೋಬರ್‌ನಲ್ಲಿ, ಹದಿನಾಲ್ಕು ತಿಂಗಳ ಸೆರೆವಾಸದ ನಂತರ ಬಿಡುಗಡೆಯಾದಳು. ಮರುವರ್ಷದ ಏಪ್ರಿಲ್‌ನಲ್ಲಿ ತೀರಿಕೊಂಡಳು.

ಇದಕ್ಕೂ ಮೊದಲೇ, ಯಾರೂ ನಿರೀಕ್ಷಿಸದ ಕಡೆಯಲ್ಲಿ, ಇಂಥದೇ ಪರಿಶೀಲನೆ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆದಿತ್ತು. ಸ್ಪೇನಿನ ಲೊಗ್ರೊನ್ಯೊದಲ್ಲಿ 1610ರಲ್ಲಿ ಆರು ಮಂದಿಯನ್ನು ಜೀವಂತ ಸುಟ್ಟ ಇಂಕ್ವಿಸಿಶನ್ನಿನ (ಧರ್ಮವಿರೋಧಿಗಳೆಂದು ಶಂಕಿಸಿದವರನ್ನು ವಿಚಾರಿಸುತ್ತಿದ್ದ ಚರ್ಚಿನ ನ್ಯಾಯಮಂಡಳಿಯ) ಮೂವರು ನ್ಯಾಯಾಧಿಕಾರಿಗಳಲ್ಲಿ ಒಬ್ಬನಾದ ಅಲೊನ್ಸೊ ದೆ ಸಲಸಾರ್‌ಗೆ ಅನುಮಾನ ಕಾಡತೊಡಗಿತು. ಮರುವರ್ಷ ಬಾಸ್ಕ್ ಸೀಮೆಯ ಹಳ್ಳಿಗಳಲ್ಲಿ ಸಂಚರಿಸಿ 1,802 ಮಂದಿಯ ಹೇಳಿಕೆ ಪಡೆದ, ಹೆಚ್ಚಿನವರು ಮಕ್ಕಳು. ಕೂಟ ಸೇರಿದ ಜಾಗ ಯಾವುದೆಂದು ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಕೇಳಿದಾಗ ಮಾತುಗಳು ತಾಳೆಯಾಗಲಿಲ್ಲ. ಹಾರಲು ಬಳಸುವ ಮುಲಾಮೆಂದು ತಂದೊಪ್ಪಿಸಿದ ಗಡಿಗೆಗಳಲ್ಲಿದ್ದುದನ್ನು ಪ್ರಾಣಿಗಳ ಮೇಲೆ ಪ್ರಯೋಗಿಸಿದರೆ ಏನೂ ಆಗಲಿಲ್ಲ. ಮಾತಾಡಿ, ಬರೆದು ಹಬ್ಬಿಸುವವರೆಗೂ ಅಲ್ಲಿ ಮಾಟಗಾತಿಯರೂ ಇರಲಿಲ್ಲ, ಮಾಟಕ್ಕೊಳಗಾದವರೂ ಇರಲಿಲ್ಲ ಎಂಬುದು ಅವನ ವರದಿಯ ತೀರ್ಮಾನ. 1614ರಲ್ಲಿ ಇಂಕ್ವಿಸಿಶನ್ ಅದನ್ನೊಪ್ಪಿ ಕಟ್ಟುನಿಟ್ಟಿನ ಸೂಚನೆಗಳನ್ನು ಹೊರಡಿಸಿತು. ಬಾಂಬರ್ಗ್‌ನಲ್ಲಿ ನೂರಾರು ಜನ ಸಾಯುತ್ತಿದ್ದ ವರ್ಷಗಳಲ್ಲಿ ಅದರ ನ್ಯಾಯಪೀಠಗಳು ಮಾಟದ ಆರೋಪಕ್ಕೆ ಮರಣದಂಡನೆ ವಿಧಿಸುವುದನ್ನು ಬಹುಮಟ್ಟಿಗೆ ಕೈಬಿಟ್ಟಿದ್ದವು, ಮಾಟದ ಮೇಲಿನ ಜನರ ನಂಬಿಕೆ ಹಾಗೆಯೇ ಉಳಿದಿದ್ದರೂ.