ಊರಿನ ಕೆರೆ, ಗುತ್ತಿಗೆದಾರನ ಮೀನು: ಗಾಳ ಹಾಕುವ ಹಕ್ಕು ಎಲ್ಲಿ ಹೋಯಿತು?

ಓದುಗರ ಪ್ರಶ್ನೆ: ನಮ್ಮ ಊರಿನ ಕೆರೆಯಲ್ಲಿ ನಮ್ಮ ತಾತ, ತಂದೆ ಎಲ್ಲರೂ ಗಾಳ ಹಾಕಿ ಮೀನು ಹಿಡಿದವರು. ಈಗ ಕೆರೆ ಹರಾಜಾಗಿದೆ ಎಂದು ಹೇಳಿ ಗುತ್ತಿಗೆದಾರರ ಕಡೆಯವರು ಮಕ್ಕಳನ್ನೂ ಏರಿಯಿಂದ ಓಡಿಸುತ್ತಿದ್ದಾರೆ. ಪಕ್ಕದ ಹೊಲಗಳ ಕೃಷಿಹೊಂಡಗಳಿಗೂ ತಂತಿ ಬೇಲಿ ಬಿದ್ದಿದೆ. ಊರಿನ ಕೆರೆಯ ಮೀನಿನ ಮೇಲೆ ಊರಿನವರಿಗೆ ಹಕ್ಕಿಲ್ಲವೇ?

ಉತ್ತರ: ಕಾನೂನಿನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕೆರೆ ಸಾರ್ವಜನಿಕ ಆಸ್ತಿಯೇ ಹೌದು. ಆದರೆ ಅದರ ಮೀನು ಪಾಶುವಾರು ಹಕ್ಕನ್ನು, ಅಂದರೆ ಅಲ್ಲಿ ಮೀನು ಬೆಳೆಸಿ ಹಿಡಿಯುವ ಹಕ್ಕನ್ನು, ಒಮ್ಮೆ ಹರಾಜು ಹಾಕಿದ ಮೇಲೆ, ಗುತ್ತಿಗೆಯ ಅವಧಿ ಮುಗಿಯುವವರೆಗೆ ಅಲ್ಲಿನ ಮೀನು ಗುತ್ತಿಗೆ ಪಡೆದವರಿಗೆ ಸೇರುತ್ತದೆ. 'ಪಾಶುವಾರು' ಎಂಬ ಈ ಹಳೆಯ ಕಚೇರಿ ಪದವನ್ನು ನೀವು ಪಂಚಾಯಿತಿಯ ಹರಾಜು ಪ್ರಕಟಣೆಗಳಲ್ಲಿ ನೋಡಿರುತ್ತೀರಿ. ಜುಲೈ 1ರಿಂದ ಜೂನ್ 30ರವರೆಗಿನ ಫಸಲಿ ವರ್ಷದ ಲೆಕ್ಕದಲ್ಲಿ, ಸಾಮಾನ್ಯವಾಗಿ ಐದು ವರ್ಷಗಳ ಅವಧಿಗೆ ಈ ಹಕ್ಕನ್ನು ಕೊಡಲಾಗುತ್ತದೆ. ಕರ್ನಾಟಕದಲ್ಲಿರುವ 36,000ಕ್ಕೂ ಹೆಚ್ಚು ಕೆರೆಗಳಲ್ಲಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಸಣ್ಣ ಕೆರೆಗಳ ಮೀನಿನ ಗುತ್ತಿಗೆ ಸಾಮಾನ್ಯವಾಗಿ ಗ್ರಾಮ ಪಂಚಾಯಿತಿಯ ಕೈಯಲ್ಲಿರುತ್ತದೆ; ಅದಕ್ಕಿಂತ ದೊಡ್ಡ ಕೆರೆಗಳಲ್ಲಿ ಮೀನುಗಾರಿಕೆ ಇಲಾಖೆ ಗುತ್ತಿಗೆ ಕೊಡುತ್ತದೆ ಮತ್ತು ಮೀನುಗಾರರ ಸಹಕಾರ ಸಂಘಗಳಿಗೆ ಮೊದಲ ಆದ್ಯತೆ ಸಲ್ಲುತ್ತದೆ.

"ತಾತನ ಕಾಲದಿಂದ ಹಿಡಿಯುತ್ತಿದ್ದೇವೆ" ಎಂಬ ಮಾತು ಊರಿನ ನ್ಯಾಯದಲ್ಲಿ ತೂಕದ ಮಾತು. ನ್ಯಾಯಾಲಯದಲ್ಲಿ ಮಾತ್ರ ಅದಕ್ಕೆ ಅಷ್ಟು ಬೆಲೆ ಸಿಗಲಿಲ್ಲ. ಒಡಿಶಾದ ಚಿಲಿಕಾ ಸರೋವರದ ಒಂದು ಭಾಗದಲ್ಲಿ ಮೀನು ಹಿಡಿಯಲು ಜಮೀನ್ದಾರನಿಂದ ಹಣ ಕೊಟ್ಟು ಹಕ್ಕು ಪಡೆದಿದ್ದ ಕೆಲವರು, ಜಮೀನ್ದಾರಿ ರದ್ದಾಗಿ ಸರ್ಕಾರ ಆ ಹಕ್ಕನ್ನು ಒಪ್ಪದೇ ಹೋದಾಗ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ನೀರಿನಲ್ಲಿ ಮುಂದೆ ಸಿಗಲಿರುವ ಮೀನನ್ನು ಹಿಡಿದು ಒಯ್ಯುವ ಹಕ್ಕು ಸ್ಥಿರಾಸ್ತಿಯ ಮೇಲಿನ ಹಕ್ಕಾಗಿದ್ದು, ಬೆಲೆಯುಳ್ಳ ಅಂಥ ಹಕ್ಕು ನೋಂದಾಯಿತ ಪತ್ರವಿಲ್ಲದೆ ಬಾಯಿಮಾತಿನಲ್ಲಿ ಕೈಬದಲಾಗದು ಎಂದು 1955ರಲ್ಲಿ ತೀರ್ಪು ಬಂದಿತು. ಹಣ ಕೊಟ್ಟವರ ಗತಿಯೇ ಹೀಗಾದರೆ, ಹಣವನ್ನೂ ಕೊಡದೆ ಪತ್ರವನ್ನೂ ಬರೆಸಿಕೊಳ್ಳದೆ ರೂಢಿಯೊಂದನ್ನೇ ನಂಬಿ ಬಂದ ಊರಿನವರ ಸ್ಥಿತಿಯನ್ನು ಊಹಿಸಬಹುದು. ಅದಕ್ಕೂ ಬಹಳ ಹಿಂದೆ, 19ನೆಯ ಶತಮಾನದ ಕೊನೆಯ ಭಾಗದಲ್ಲಿ, ಜಮೀನ್ದಾರನ ಜಲಾಶಯದಲ್ಲಿ ಮೀನು ಹಿಡಿಯುವ ರೂಢಿ ತಮಗಿದೆ ಎಂದು ವಾದಿಸಿದ ಬಂಗಾಳದ ರೈತರಿಗೆ ಕಲ್ಕತ್ತಾ ಹೈಕೋರ್ಟು ಸೋಲಿನ ತೀರ್ಪು ಕೊಟ್ಟಿತ್ತು: ಮಿತಿಯಿಲ್ಲದ ಅಂಥ ಹಕ್ಕು ಒಡೆಯನಿಗೆ ಏನನ್ನೂ ಉಳಿಸದು ಎಂಬುದು ಅದರ ಕಾರಣ. ಊರಿನ ರೂಢಿಗಳಿಗೂ ಒಳಗೊಳಗೇ ಮಿತಿಗಳಿದ್ದವು ಎಂಬುದನ್ನು ಆ ತೀರ್ಪು ಗಮನಿಸಲಿಲ್ಲ ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ನಿಮ್ಮ ತಾತನನ್ನು ಯಾರೂ ಏಕೆ ತಡೆಯಲಿಲ್ಲ? ತಡೆಯುವುದರಿಂದ ಹಣ ಹುಟ್ಟುತ್ತಿರಲಿಲ್ಲ ಎಂಬುದೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ. ಇಂದು ಪ್ರತಿ ಕೆರೆಯಲ್ಲೂ ಬಿಡುವ ಕಟ್ಲಾ, ರೋಹು, ಮೃಗಾಲ್ ಮೂಲತಃ ಉತ್ತರದ ನದಿಗಳ ಮೀನುಗಳು. ಮುಂಗಾರಿನ ಪ್ರವಾಹದಲ್ಲಿ ಮೊಟ್ಟೆಯಿಡುವ ಇವು ನಿಂತ ನೀರಿನ ಕೆರೆಯಲ್ಲಿ ತಾವಾಗಿ ಮರಿ ಮಾಡುವುದಿಲ್ಲ. ಮರಿ ಬೇಕೆಂದರೆ ನದಿಯಲ್ಲಿ ಸೋಸಿ ತರಬೇಕಾಗಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಸಹೋದ್ಯೋಗಿಗಳು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟು ಈ ಗೆಂಡೆಮೀನುಗಳಿಂದ ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದರು; ಆ ನೆನಪಿಗಾಗಿಯೇ ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಮುಂದೆ ಮರಿ ಉತ್ಪಾದನಾ ಕೇಂದ್ರಗಳು ಎದ್ದವು, ಮರಿಗಳು ಎಲ್ಲೆಡೆ ಸಿಗತೊಡಗಿದವು, ಒಂದು ವರ್ಷದೊಳಗೆ ಕಿಲೋ ತೂಗುವ ಮೀನು ಕೆರೆಯಿಂದ ಪೇಟೆಗೆ ಹೋಗುವಂತಾಯಿತು. ದೇಶಕ್ಕೆ ಅದರಿಂದ ಆದ ಲಾಭ ದೊಡ್ಡದು, ಅದನ್ನು ಅಲ್ಲಗಳೆಯಲಾರೆ. ಆದರೆ ಮರಿಗೆ ಹಣ ಸುರಿದವರು ನೀರಿಗೆ ಕಾವಲು ಹಾಕುತ್ತಾರೆ. ಊರಿನ ಕೆರೆಗೆ ಬಾಗಿಲು ಬಂದದ್ದು ಆಗ.

ಇದರ ಜೊತೆಗೆ ಹೆಚ್ಚು ಜನ ಗಮನಿಸದ ಇನ್ನೊಂದು ಬದಲಾವಣೆಯೂ ಆಯಿತು. ನಿಮ್ಮ ತಾತ ಹಿಡಿಯುತ್ತಿದ್ದ ಕೊರಮೀನು, ಚೇಳುಮೀನು, ಬೆರಳುದ್ದದ ಸಣ್ಣ ಕೆರೆಮೀನುಗಳು ಯಾರೂ ಬಿತ್ತದೆ ಬೆಳೆಯುವಂಥವು. ಕೆರೆ ತುಂಬಿದಾಗ ಹಳ್ಳದಿಂದ ಏರಿ ಬರುತ್ತಿದ್ದವು, ಕೆರೆಯಲ್ಲೇ ಮರಿ ಮಾಡುತ್ತಿದ್ದವು. ಮೀನು ಸಾಕಣೆಯ ಪಾಠದಲ್ಲಿ ಇವುಗಳಿಗೆ 'ಕಳೆ ಮೀನು' ಮತ್ತು 'ಪರಭಕ್ಷಕ ಮೀನು' ಎಂಬ ಹೆಸರುಗಳಿವೆ: ಕೆಲವು ಬಿಟ್ಟ ಮರಿಗಳನ್ನು ತಿನ್ನುತ್ತವೆ, ಉಳಿದವು ಅವುಗಳ ಆಹಾರಕ್ಕೆ ಪೈಪೋಟಿ ಕೊಡುತ್ತವೆ, ಆದ್ದರಿಂದ ಮರಿ ಬಿಡುವ ಮೊದಲು ತೆಗೆದುಹಾಕಬೇಕು ಎಂದು ಸಲಹೆ ನೀಡಲಾಗುತ್ತದೆ. ಮುಳ್ಳು, ತಲೆ ಸಹಿತ ಇಡಿಯಾಗಿ ತಿನ್ನುವ ಸಣ್ಣ ಮೀನಿನಲ್ಲಿ ಸುಣ್ಣದ ಅಂಶ ಹೇರಳವಾಗಿರುತ್ತದೆ, ಕೆಲವು ಜಾತಿಗಳಲ್ಲಿ ಎ ಜೀವಸತ್ವವೂ ಬಹಳ ಇರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಸೀರೆಯ ಎರಡು ತುದಿ ಹಿಡಿದು ಸಣ್ಣ ಮೀನು, ಸೀಗಡಿ ಸೋಸುತ್ತಿದ್ದ ಹೆಂಗಸರನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ಜಮೀನಿಲ್ಲದ ಕೂಲಿ ಮನೆಗಳವರು. ಅಂದಿನ ಸಾರು ಆ ಸೆರಗಿನಲ್ಲೇ ಮನೆಗೆ ಹೋಗುತ್ತಿತ್ತು. ಹರಾಜಿನ ಹಣ ಪಂಚಾಯಿತಿಯ ಲೆಕ್ಕದ ಪುಸ್ತಕಕ್ಕೆ ಸೇರುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಕಳೆದುಹೋದ ಈ ಸಾರನ್ನು ಯಾವ ಪುಸ್ತಕವೂ ಖರ್ಚಿಗೆ ಬರೆಯುವುದಿಲ್ಲ.

ಊರಿನವರಿಗೆ ಬಿಟ್ಟರೆ ಕೆರೆ ಬರಿದಾಗುತ್ತದೆ ಎಂಬ ವಾದಕ್ಕೆ ಉತ್ತರವಾಗಿ ಮಲೆನಾಡಿನ ಕೆರೆಬೇಟೆಯನ್ನು ನೋಡಬಹುದು. ಸೊರಬ, ಸಾಗರ, ಸಿದ್ದಾಪುರದ ಕಡೆ ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ಊರಿನವರೇ ದಿನ ಗೊತ್ತುಮಾಡಿ ಸುತ್ತಲಿನ ಹಳ್ಳಿಗಳಿಗೆ ತಿಳಿಸುತ್ತಾರೆ. ಕೂಣಿಗೆ, ಅಂದರೆ ಮೀನು ಹಿಡಿಯುವ ಬುಟ್ಟಿಗೆ, ಇಷ್ಟು ಎಂದು ಹಣ ಕಟ್ಟಿ ಬಂದವರೆಲ್ಲ ಏರಿಯ ಮೇಲೆ ಕಾಯುತ್ತಾರೆ, ಅಪ್ಪಣೆಯಾದ ಮೇಲೆ ಒಟ್ಟಿಗೇ ಕೆಸರಿಗಿಳಿಯುತ್ತಾರೆ. ತಳವಿಲ್ಲದ ಬಿದಿರಿನ ಕೂಣಿಯನ್ನು ಕೆಸರಿಗೆ ಒತ್ತಿ, ಮೇಲಿನ ಬಾಯಿಂದ ಕೈ ಹಾಕಿ ಮೀನು ಹುಡುಕುವ ಈ ಪದ್ಧತಿಯಲ್ಲಿ ಒಬ್ಬನಿಗೆ ಎಷ್ಟು ಸಿಗಬಹುದೆಂಬುದಕ್ಕೆ ಸಲಕರಣೆಯೇ ಮಿತಿ ಹಾಕುತ್ತದೆ. ಸಂಗ್ರಹವಾದ ಹಣ ದೇವಸ್ಥಾನಕ್ಕೋ ಊರಿನ ಕೆಲಸಕ್ಕೋ ಸಲ್ಲುತ್ತದೆ. ಅಂದರೆ ಹಣ, ನಿಯಮ, ಎಲ್ಲರಿಗೂ ಪ್ರವೇಶ ಈ ಮೂರೂ ಒಂದೇ ಕೆರೆಯಲ್ಲಿ ಕೂಡಿ ಬಾಳಬಲ್ಲವು.

ಗುತ್ತಿಗೆದಾರರೆಲ್ಲ ಅನ್ಯಾಯಗಾರರೆಂದು ನಾನು ಹೇಳುತ್ತಿಲ್ಲ. ಸಾಲ ಮಾಡಿ ಮರಿ ಬಿಟ್ಟವನಿಗೆ ರಾತ್ರಿ ಬಲೆ ಹಾಕುವವರ ಭಯ ನಿಜವಾದದ್ದು. ವಿಷ ಬೆರೆಸಿ, ಸಿಡಿಮದ್ದು ಹಾಕಿ ಮೀನು ಹಿಡಿಯುವುದನ್ನು 1897ರ ಮೀನುಗಾರಿಕೆ ಕಾಯಿದೆಯ ಕಾಲದಿಂದಲೂ ಅಪರಾಧವೆಂದು ಪರಿಗಣಿಸಿರುವುದು ಸರಿಯಾಗಿಯೇ ಇದೆ. ತಲೆಮಾರುಗಳಿಂದ ಇದೇ ಕಸುಬು ಮಾಡಿಕೊಂಡು ಬಂದ ಬೆಸ್ತರ ಸಂಘಕ್ಕೆ ಕೆರೆ ಸಿಕ್ಕಿದ್ದರೆ ಅವರ ಜೀವನವೂ ಅದನ್ನೇ ಅವಲಂಬಿಸಿರುತ್ತದೆ ಎಂಬುದನ್ನು ಮರೆಯಬಾರದು. ಎರೆಹುಳು ಸಿಕ್ಕಿಸಿದ ಒಂದು ಗಾಳದ ಕೋಲನ್ನೂ ಕಳ್ಳನ ಬಲೆಯನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಮಾತ್ರ ತಪ್ಪು.

ಕೃಷಿಹೊಂಡದ ವಿಷಯ ಬೇರೆ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯದಂಥ ಯೋಜನೆಗಳಲ್ಲಿ ಸರ್ಕಾರದ ಸಹಾಯಧನ ಪಡೆದು ತೋಡಿದ್ದರೂ ಅದು ಖಾಸಗಿ ಜಮೀನಿನಲ್ಲಿರುವ ಖಾಸಗಿ ಹೊಂಡ. ಮಾಲೀಕರ ಒಪ್ಪಿಗೆಯಿಲ್ಲದೆ ಅಲ್ಲಿ ಗಾಳ ಹಾಕುವಂತಿಲ್ಲ. ಬೇಲಿಯನ್ನು ದೂರಬೇಡಿ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದ ಇಳಿಜಾರು ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ, ಬಿದ್ದವರಿಗೆ ಹಿಡಿದು ಮೇಲೇರಲು ಏನೂ ಸಿಗುವುದಿಲ್ಲ; ಈಜು ಬಲ್ಲವರೂ ಇಂಥ ಹೊಂಡಗಳಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಮಕ್ಕಳನ್ನಂತೂ ಗಾಳದ ನೆಪದಲ್ಲಿ ಅತ್ತ ಕಳುಹಿಸಲೇಬಾರದು.

ಇನ್ನು ನೀವು ಮಾಡಬಹುದಾದದ್ದು. ಪಾಶುವಾರು ಹಕ್ಕೆಂದರೆ ಮೀನಿನ ಹಕ್ಕು ಮಾತ್ರ, ನೀರಿನದಲ್ಲ. ದನಗಳಿಗೆ ನೀರು ಕುಡಿಸುವುದನ್ನಾಗಲಿ, ಬಟ್ಟೆ ಒಗೆಯುವುದನ್ನಾಗಲಿ, ಏರಿಯ ಮೇಲೆ ಓಡಾಡುವುದನ್ನಾಗಲಿ ಗುತ್ತಿಗೆದಾರರು ತಡೆದರೆ ಪಂಚಾಯಿತಿಗೆ ಲಿಖಿತ ದೂರು ಕೊಡಿ, ಹಿಂಬರಹ ಪಡೆಯಿರಿ. ಗುತ್ತಿಗೆ ಕರಾರಿನ ಪ್ರತಿಯನ್ನು ಮಾಹಿತಿ ಹಕ್ಕು ಕಾಯಿದೆಯಡಿ ಕೇಳಿ ಓದಿ; ಅವಧಿ ಮುಗಿದಿದ್ದರೂ ಕಾವಲು ಮುಂದುವರಿದಿಲ್ಲವೇ, ಗುತ್ತಿಗೆ ಪಡೆದ ಸಂಘವೇ ಕೆರೆ ನಡೆಸುತ್ತಿದೆಯೇ ಅಥವಾ ಸಂಘದ ಹೆಸರಿನಲ್ಲಿ ಬೇರೊಬ್ಬರು ನಡೆಸುತ್ತಿದ್ದಾರೆಯೇ ಎಂಬುದು ಅದರಿಂದ ತಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಮುಂದಿನ ಹರಾಜು. ಸಂವಿಧಾನದ 11ನೆಯ ಅನುಸೂಚಿಯಲ್ಲಿ ಮೀನುಗಾರಿಕೆಯೂ ಪಂಚಾಯಿತಿಗಳ ವಿಷಯವಾಗಿದೆ, ಮತ್ತು ಗುತ್ತಿಗೆ ಕೊಡುವವರೇ ಷರತ್ತುಗಳನ್ನು ಬರೆಯುವವರು. ಊರಿನವರು ಕೋಲುಗಾಳದಿಂದ ಮನೆಯ ಬಳಕೆಗಷ್ಟೇ ಮೀನು ಹಿಡಿಯಬಹುದು, ಮರಿ ಬಿಟ್ಟ ಮೊದಲ ಕೆಲವು ತಿಂಗಳು ಯಾರೂ ಹಿಡಿಯುವಂತಿಲ್ಲ, ಕೊನೆಯ ಬಲೆ ಎಳೆದ ಮೇಲೆ ಉಳಿದ ಸಣ್ಣ ಮೀನು ಊರಿಗೆ ಸೇರಿದ್ದು ಎಂಬಂಥ ಷರತ್ತುಗಳು ಹರಾಜಿಗೆ ಮೊದಲೇ ಗೊತ್ತಿದ್ದರೆ ಕೂಗುವವರು ಅದಕ್ಕೆ ತಕ್ಕಂತೆ ಬೆಲೆ ಕೂಗುತ್ತಾರೆ. ಪಂಚಾಯಿತಿಗೆ ಬರುವ ಹಣ ಸ್ವಲ್ಪ ಕಡಿಮೆಯಾಗಬಹುದು, ಅದನ್ನು ಒಪ್ಪಿಕೊಳ್ಳಬೇಕೇ ಎಂಬುದನ್ನು ಗ್ರಾಮಸಭೆಯೇ ಚರ್ಚಿಸಿ ನಡಾವಳಿಯಲ್ಲಿ ಬರೆಸಲಿ. ಹೊಸ ಫಸಲಿ ವರ್ಷ ಜುಲೈಯಲ್ಲಿ ಆರಂಭವಾಗುವುದರಿಂದ ಈ ಮಾತನ್ನು ಬೇಸಿಗೆಯ ಗ್ರಾಮಸಭೆಯಲ್ಲೇ ಎತ್ತಬೇಕು, ಸೀರೆಯಲ್ಲಿ ಮೀನು ಸೋಸುತ್ತಿದ್ದ ಮನೆಗಳ ಹೆಂಗಸರು ಆ ಸಭೆಯಲ್ಲಿ ಇರಬೇಕು.